ಚಿಕನ್‌ಪಾಕ್ಸ್ ಬಂದಿದೆ ಅಂತ ಇಡೀ ಓಣಿಯನ್ನೇ ಮದುವೆಯಿಂದ ಹೊರಗಿಡಬೇಕಾ? ತಿಳಿದವರು ಹೇಳಿ

ಹಳೇಹುಬ್ಬಳ್ಳಿ ಮನೆ
ಎಲ್ಲರಿಗೂ ನಮಸ್ಕಾರ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗನಿಗೆ ಚಿಕನ್‌ಪಾಕ್ಸ್ ಆಗಿತ್ತು. ನಮ್ಮ ಕಡೆ ಅಮ್ಮ ಬಂದಾಳ ಅಂತಾರಲ್ಲ, ಅದೇ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದರು. ಈಗ ಹುಡುಗ ಹುಷಾರಾಗಿದ್ದಾನೆ. ಆದರೆ ಒಂದು ಮಾತು ಅರ್ಥ ಆಗುತ್ತಿಲ್ಲ. ಗೋಡೆಗೆ ಗೋಡೆ ಹತ್ತಿದ ಎರಡು ಮನೆಗಳ ಮಕ್ಕಳಿಗೆ ಏನೂ ಆಗಿಲ್ಲ. ಅತ್ತ ಕೇಶ್ವಾಪುರದ ಒಂದು ಹುಡುಗಿಗೆ ಬಂದಿದೆ. ಧಾರವಾಡದ ಸಪ್ತಾಪುರದಲ್ಲೂ ಒಬ್ಬನಿಗೆ ಬಂದಿದೆಯಂತೆ, ಅವನೂ ಇವನ ಪರಿಚಯದವನೇ.

ಮುಂದಿನ ತಿಂಗಳು ಗದಗದಲ್ಲಿ ನಮ್ಮ ತಮ್ಮನ ಮದುವೆ. ದೊಡ್ಡಪ್ಪ ಹಟ ಹಿಡಿದು ಕೂತಿದ್ದಾರೆ: "ಆ ಓಣಿಯವರಿಗೆ ಯಾರಿಗೂ ಪತ್ರಿಕೆ ಕೊಡಬ್ಯಾಡ." ಅವರೆಲ್ಲ ನಮ್ಮ ಮನೆಯ ಮದುವೆಗೂ ಮಣ್ಣಿಗೂ ಮೊದಲು ಬಂದು ನಿಂತವರು. ಹೇಗೆ ಬಿಡೋದು? ಇನ್ನೊಂದು ಕಡೆ ನನ್ನ ತಂಗಿ ಆರು ತಿಂಗಳ ಬಸುರಿ, ಅವಳ ಚಿಂತೆಯೂ ಇದೆ. ಓಣಿಗೆ ಓಣಿಯನ್ನೇ ತಡೆಯೋದು ಸರಿನಾ? ಇಲ್ಲ ಅಂದ್ರೆ ಯಾರನ್ನ ತಡೆಯಬೇಕು?

ಲೈನ್ ಬಜಾರ್ ಟೀಚರ್
ಓಣಿ ಬಿಡಿ ಅಕ್ಕಾ. ಆ ಹುಡುಗ ದಿನಾ ಎಲ್ಲೆಲ್ಲಿ ಗಂಟೆಗಟ್ಟಲೆ ಕೂರುತ್ತಾನೆ ಅಂತ ಅವನ ತಾಯಿಯನ್ನು ಕೇಳಿ. ಸ್ಕೂಲು, ವ್ಯಾನು, ಟ್ಯೂಷನ್, ಆಟ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿಂದಲೇ ಇದು ಹರಡುತ್ತೆ, ಆಗ ಮಗು ಓಡಾಡಿಕೊಂಡೇ ಇರುತ್ತೆ. ಬೇವಿನ ತಪ್ಪಲು ಕಟ್ಟುವ ಹೊತ್ತಿಗೆ ಟ್ಯೂಷನ್‌ನಲ್ಲಿ ಎಷ್ಟೋ ಮಕ್ಕಳ ಪಕ್ಕ ಕೂತು ಬಂದಿರುತ್ತಾನೆ.

ಚಿಗರಿ ಪ್ರಯಾಣಿಕ
ಚಿಗರಿ ಬಸ್ಸಿನಲ್ಲೇ ಬಂದಿರಬೇಕು. ಎಸಿ ಅಂತ ಕಿಟಕಿ ಎಲ್ಲ ಮುಚ್ಚಿರುತ್ತೆ, ಹುಬ್ಬಳ್ಳಿಯಿಂದ ಧಾರವಾಡದವರೆಗೂ ಒಂದೇ ಗಾಳಿ.

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ಮೊದಲು ತಂಗಿಯ ವಿಷಯ, ಉಳಿದದ್ದು ಆಮೇಲೆ. ಅವರಿಗೆ ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆಗಿತ್ತಾ? ಆಗಿದ್ದರೆ ಭಯ ಬಹಳ ಕಡಿಮೆ. ಗೊತ್ತಿಲ್ಲ ಅಂದ್ರೆ ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತೆ. ಆಗಿಲ್ಲದಿದ್ದು, ಸೋಂಕಿದ್ದ ಮಗುವಿನ ಹತ್ತಿರ ಹೋಗಿದ್ದರೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಸುರಿಯರಿಗೆ ಕೊಡುವ ಒಂದು ಇಂಜೆಕ್ಷನ್ ಇದೆ, ಅದು ಸೋಂಕಿನ ಸಂಪರ್ಕ ಆದ 10 ದಿನದ ಒಳಗೇ ಆಗಬೇಕು. ಚಿಕನ್‌ಪಾಕ್ಸ್ ಲಸಿಕೆಯನ್ನು ಬಸುರಿಯರಿಗೆ ಕೊಡುವುದಿಲ್ಲ. ಮದುವೆ ಬರಲಿ ನೋಡೋಣ ಅಂತ ಕಾಯಬೇಡಿ.

ಈಗ ಓಣಿಯ ಪ್ರಶ್ನೆ. ರೋಗ ಮ್ಯಾಪ್ ನೋಡಿಕೊಂಡು ಹರಡೋದಿಲ್ಲ. ಯಾರು ಯಾರ ಜೊತೆ, ಎಷ್ಟು ಹೊತ್ತು, ಎಂಥ ಜಾಗದಲ್ಲಿ ಇದ್ದರು ಅನ್ನೋದರ ಮೇಲೆ ಹೋಗುತ್ತೆ. ಟೀಚರ್ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ.

ಹಳೇಹುಬ್ಬಳ್ಳಿ ಮನೆ
ತಂಗಿಗೆ ಈಗಲೇ ಫೋನ್ ಮಾಡುತ್ತೇನೆ. ಅವಳು ನವಲಗುಂದದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಇಲ್ಲಿಗೆ ಬಂದಿಲ್ಲ.

ಅಡತಿ ಅಂಗಡಿ
ಇಂಥ ಮಾತು ಬಂದಾಗೆಲ್ಲ ನನಗೆ 2020ರ ಕೊರೋನಾ ಕಾಲ ನೆನಪಾಗುತ್ತೆ. ಸರ್ಕಾರ ದಿನಾ ಸಂಜೆ ಪಟ್ಟಿ ಬಿಡುತ್ತಿತ್ತಲ್ಲ, ಒಬ್ಬೊಬ್ಬ ರೋಗಿಗೆ ಒಂದು ಪಿ ನಂಬರ್ ಹಾಕಿ, ಇಂಥವರಿಂದ ಇಂಥವರಿಗೆ ಅಂತ. ಹೆಸರಿರಲಿಲ್ಲ, ಆದರೆ ವಯಸ್ಸು, ಊರು ಇರುತ್ತಿತ್ತು. ಅರ್ಧ ಗಂಟೆಯಲ್ಲಿ ವಾಟ್ಸಾಪ್‌ನಲ್ಲಿ ಮನೆ ಸಮೇತ ಗೊತ್ತಾಗುತ್ತಿತ್ತು. ಅಮರಗೋಳ ಎಪಿಎಂಸಿಯಲ್ಲಿ ನಮ್ಮ ಹಮಾಲರ ಹತ್ತಿರ ಜನ ನಿಲ್ಲಲೂ ಹೆದರುತ್ತಿದ್ದರು. ಅವರೇನು ತಪ್ಪು ಮಾಡಿದ್ದರು? ನಿಮ್ಮ ಮನೆಗೆ ಜೋಳ, ಉಳ್ಳಾಗಡ್ಡಿ ಬರಬೇಕಲ್ಲ, ಅದಕ್ಕೆ ಮೂಟೆ ಎತ್ತಿದರು. ಯಾರಿಂದ ಯಾರಿಗೆ ಬಂತು ಅನ್ನೋ ಜಾಲ ಹುಡುಕ್ತೀವಿ ಅಂತ ಹೋಗಿ ಬಡವರನ್ನ ಬೈಯೋದು ನಿಲ್ಲಲಿ ಮೊದಲು.

ಸಪ್ತಾಪುರ ಪಿಜಿ
ಅಣ್ಣಾ, ಯಾರೂ ಬೈತಿಲ್ಲ ಇಲ್ಲಿ. ಯಾರಿಗೆ ಹುಷಾರು ಹೇಳಬೇಕು ಅಂತ ಕೇಳ್ತಿದ್ದಾರೆ ಅಷ್ಟೇ.

ಅಡತಿ ಅಂಗಡಿ
ಪತ್ರಿಕೆ ಕೊಡಬ್ಯಾಡ ಅನ್ನೋದು ಬೈಗುಳಕ್ಕಿಂತ ದೊಡ್ಡದು ತಮ್ಮಾ.

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ಅಡತಿ ಅಣ್ಣನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹೆಚ್ಚು ಜನರನ್ನು ಭೇಟಿಯಾಗುವವರು ಬಹಳ ಸಲ ಕೆಲಸದ ಸಲುವಾಗಿಯೇ ಭೇಟಿಯಾಗುತ್ತಾರೆ. ಹಮಾಲರು, ಕಂಡಕ್ಟರ್, ಆಶಾ ಕಾರ್ಯಕರ್ತೆಯರು, ನರ್ಸ್. ಅಂಥವರಿಗೆ ಲಸಿಕೆ ಮೊದಲು ಸಿಗಬೇಕು, ಮಾಸ್ಕ್ ಮೊದಲು ಸಿಗಬೇಕು, ಹುಷಾರಿಲ್ಲದಾಗ ಪಗಾರ ಕಟ್ ಆಗದೆ ರಜೆ ಸಿಗಬೇಕು. ಜಾಲ ಗೊತ್ತಾದರೆ ಮಾಡಬೇಕಾದ ಕೆಲಸ ಇದು.

ಇನ್ನೊಂದು ವಿಷಯ. ಸೋಂಕು ಎಲ್ಲರಿಂದ ಸಮನಾಗಿ ಹರಡೋದಿಲ್ಲ. 2020ರಲ್ಲಿ ತಮಿಳುನಾಡು ಮತ್ತು ಆಂಧ್ರದಲ್ಲಿ ಕೊರೋನಾ ಬಂದ 84,965 ಜನರ ಹಿಂದೆ ಬಿದ್ದು, ಅವರ ಒಡನಾಟಕ್ಕೆ ಬಂದ 5,75,071 ಜನರನ್ನು ಪತ್ತೆ ಮಾಡಿದ ಅಧ್ಯಯನ ಇದೆ. ಸಂಪರ್ಕದವರ ಪರೀಕ್ಷೆ ಆದ ಸೋಂಕಿತರಲ್ಲಿ 71% ಜನರಿಂದ ಒಬ್ಬರಿಗೂ ಹರಡಿದ್ದು ಕಂಡುಬರಲಿಲ್ಲ. ಸ್ವಲ್ಪ ಜನರಿಂದಲೇ ಬಹಳಷ್ಟು ಹರಡಿತ್ತು. ಸರಾಸರಿ ಒಬ್ಬರಿಂದ ಇಬ್ಬರಿಗೆ ಅನ್ನೋ ಲೆಕ್ಕದಲ್ಲಿ ಇದು ಕಾಣೋದೇ ಇಲ್ಲ.

ಚಿಗರಿ ಪ್ರಯಾಣಿಕ
ಹಾಗಾದ್ರೆ ಆ ಸ್ವಲ್ಪ ಜನ ಯಾರು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ? ಆದ ಮೇಲೆ ಎಲ್ಲರೂ ಹೇಳ್ತಾರೆ.

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ವ್ಯಕ್ತಿಗಿಂತ ಸಂದರ್ಭ ಹಿಡಿಯೋದು ಸುಲಭ. ಮುಚ್ಚಿದ ಹಾಲ್, ತುಂಬಾ ಜನ, ಜೋರು ಮಾತು, ತಾಸುಗಟ್ಟಲೆ ಇರೋದು. 2021ರ ನವೆಂಬರ್‌ನಲ್ಲಿ ನಮ್ಮ ಧಾರವಾಡದ ಒಂದು ಮೆಡಿಕಲ್ ಕಾಲೇಜಿನಲ್ಲೇ ಆಯ್ತಲ್ಲ. ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಒಂದು ಕಾರ್ಯಕ್ರಮ ಆದ ಮೇಲೆ ಕೆಲವೇ ದಿನಗಳಲ್ಲಿ 280ಕ್ಕೂ ಹೆಚ್ಚು ಜನರಿಗೆ ಪಾಸಿಟಿವ್ ಬಂತು. ಹೆಚ್ಚಿನವರಿಗೆ ಎರಡೂ ಡೋಸ್ ಆಗಿತ್ತು, ಹಾಗಾಗಿ ಹೆಚ್ಚಿನವರಿಗೆ ತೀವ್ರ ಆಗಲಿಲ್ಲ. ಆದರೆ ಹಾಸ್ಟೆಲ್, ಕ್ಲಾಸ್, ಮೆಸ್, ವಾರ್ಡ್ ಎಲ್ಲ ಒಂದಕ್ಕೊಂದು ಸೇರಿಕೊಂಡಿದ್ದ ಕಡೆ ಒಂದು ಕಾರ್ಯಕ್ರಮ ಸಾಕಾಯ್ತು.

ಬಸ್ಸಿನ ವಿಷಯ: ಚಿಕನ್‌ಪಾಕ್ಸ್ ಗಾಳಿಯಲ್ಲೂ ಹರಡುತ್ತೆ, ಬಸ್ಸಿನಲ್ಲಿ ಬರೋದೇ ಇಲ್ಲ ಅಂತ ಹೇಳಲಾರೆ. ಆದರೆ ಸಪ್ತಾಪುರದವನು ಈ ಹುಡುಗನಿಗೆ ಗೊತ್ತಿರುವವನೇ ಅಂತ ನೀವೇ ಹೇಳಿದ್ದೀರಿ. ಆಗ ಬಸ್ಸನ್ನು ಮೊದಲು ಹಿಡಿಯೋದು ಯಾಕೆ?

ಬೆಟಗೇರಿ ಮಗ್ಗ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಹೇಳುತ್ತೇನೆ. ನಮ್ಮ ಮುತ್ಯಾ ಪ್ಲೇಗಿನ ಕಥೆ ಹೇಳುತ್ತಿದ್ದರು, ಅವರಿಗೆ ಅವರ ಅವ್ವ ಹೇಳಿದ್ದು. ಊರಲ್ಲಿ ಇಲಿ ಸತ್ತು ಬಿದ್ದವು ಅಂದ್ರೆ ಸಾಕು, ಜನ ಮನೆಗೆ ಕೀಲಿ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಒಂದು ಗುಡಿಸಲಿಗೂ ಇನ್ನೊಂದಕ್ಕೂ ಅಂತರ. ಯಾವ ಡಾಕ್ಟರೂ ಹೇಳದೆ ಜನರೇ ಅಂತರ ಕಾಯ್ದುಕೊಂಡಿದ್ದರು. ಹಾವೇರಿ ಕಡೆ ಹಳ್ಳಿಗಳಲ್ಲಿ ಹೊರಬೀಡು ಅಂತ ಇಡೀ ಊರು ಒಂದು ದಿನ ಹೊರಗೆ ಇರುವ ಪದ್ಧತಿ ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅನ್ನಿಸುತ್ತೆ.

ರೈಲ್ವೆ ವರ್ಕ್‌ಶಾಪ್ ನಿವೃತ್ತ
ಪ್ಲೇಗ್ ಮಾತು ಬಂತು ಅಂದ ಮೇಲೆ ಹುಬ್ಬಳ್ಳಿಯ ಕಥೆ ಹೇಳಲೇಬೇಕು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅಲ್ಲಿಂದ ರೈಲು, ವ್ಯಾಪಾರದ ದಾರಿ ಹಿಡಿದು ಒಳನಾಡಿಗೆ ಬಂತು. ಹುಬ್ಬಳ್ಳಿ ಆಗಲೇ ದೊಡ್ಡ ಜಂಕ್ಷನ್, ಹತ್ತಿಯ ಪೇಟೆ, ರೈಲ್ವೆ ವರ್ಕ್‌ಶಾಪ್ ಇದ್ದ ಊರು. 1898ರಲ್ಲಿ ಇಲ್ಲಿ ಜೋರಾಯ್ತು. ನಡುವೆ ಎಷ್ಟೋ ಸಣ್ಣ ಊರುಗಳು ಇನ್ನೂ ಸುಮ್ಮನಿದ್ದಾಗ ದೂರದ ಜಂಕ್ಷನ್‌ಗೆ ರೋಗ ಮುಟ್ಟಿತ್ತು. ಓಣಿಯ ಪಕ್ಕದ ಮನೆ ಬಿಟ್ಟು ಸಪ್ತಾಪುರಕ್ಕೆ ಹೋದದ್ದು ಹೇಗೆ ಅಂತ ಕೇಳಿದ್ದೀರಲ್ಲ, ಅದಕ್ಕೆ ನಮ್ಮ ಊರಿನ ಹಳೇ ಉತ್ತರ ಇದು.

ಇನ್ನೂ ಒಂದು ಮಾತು, ಇದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಹಾಫ್‌ಕಿನ್ ಅನ್ನುವ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಆ ಲಸಿಕೆಯನ್ನು ಸಾವಿರಾರು ಜನ ಹಾಕಿಸಿಕೊಂಡ ಊರು ಹುಬ್ಬಳ್ಳಿ.

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ಬಹಳ ಒಳ್ಳೆಯ ಮಾಹಿತಿ ಕಾಕಾ. ಬೆಟಗೇರಿಯವರಿಗೆ ಒಂದು ತಿದ್ದುಪಡಿ ಮಾತ್ರ. ಗಡ್ಡೆ ಏಳುವ ಪ್ಲೇಗ್ ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ ಬರುತ್ತೆ. ಸಿಮಾಂಡ್ ಅನ್ನುವ ಫ್ರೆಂಚ್ ವೈದ್ಯ 1898ರಲ್ಲೇ ಕರಾಚಿಯಲ್ಲಿ ಇದನ್ನು ತೋರಿಸಿದರು. ಹಾಗಾಗಿ ಹೊಲಕ್ಕೆ ಹೋದದ್ದು ಫಲ ಕೊಟ್ಟದ್ದು ಗುಡಿಸಲುಗಳ ನಡುವಿನ ಅಂತರಕ್ಕಿಂತ ಜಾಸ್ತಿ, ಇಲಿ ತುಂಬಿದ ಮನೆ ಬಿಟ್ಟದ್ದಕ್ಕೆ. ಅಲ್ಲಿ ಜಾಲ ಅಂದ್ರೆ ಮನುಷ್ಯರದ್ದಷ್ಟೇ ಅಲ್ಲ, ಧಾನ್ಯದ ಚೀಲ, ಗೋದಾಮು, ರೈಲಿನ ಡಬ್ಬಿ ಎಲ್ಲ ಸೇರಿ.

ಬೆಟಗೇರಿ ಮಗ್ಗ
ಕಾರಣ ಏನೇ ಇರಲಿ, ಊರು ಬಿಟ್ಟವರು ಉಳಿದರು. ನಮ್ಮ ಮನೆತನ ಉಳಿದದ್ದೇ ಹಾಗೆ.

ಗೋಕುಲ ರೋಡ್ ಅಮ್ಮ
ಹಾಗಾದ್ರೆ ಡೆಂಗ್ಯೂನೂ ಜಾಲದಿಂದ ಬರುತ್ತಾ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಡೆಂಗ್ಯೂ ಆದವರ ಮನೆಗೆ ಹಾಲಿನವನೂ ಹೋಗೋದು ಬಿಟ್ಟಿದ್ದ.

ಲೈನ್ ಬಜಾರ್ ಟೀಚರ್
ಡೆಂಗ್ಯೂ ಮನುಷ್ಯರಿಂದ ಮನುಷ್ಯರಿಗೆ ಅಂಟೋದಿಲ್ಲ ಅಕ್ಕಾ, ಸೊಳ್ಳೆ ಕಚ್ಚಬೇಕು. ಆ ಸೊಳ್ಳೆ ಹಗಲು ಕಚ್ಚುತ್ತೆ, ಬಹಳ ದೂರ ಹಾರೋದೂ ಇಲ್ಲ. ಡ್ರಮ್, ಕೂಲರ್, ಟೈರಿನಲ್ಲಿ ನಿಂತ ನೀರು ಚೆಲ್ಲಿದರೆ ಆಯ್ತು. ಹಾಲಿನವನು ಬರಬಹುದಿತ್ತು. ಡೆಂಗ್ಯೂನಲ್ಲಿ ಮಾತ್ರ ಪಕ್ಕದ ಮನೆಯವರು ಹುಷಾರಾಗಿರಬೇಕು, ಯಾಕಂದ್ರೆ ಸೊಳ್ಳೆಗೆ ಅವರದೇ ಹತ್ತಿರ.

ಹಳೇಹುಬ್ಬಳ್ಳಿ ಮನೆ
ಹುಡುಗನ ತಾಯಿಯ ಹತ್ತಿರ ಕೂತು ಮಾತಾಡಿ ಬಂದೆ. ಟೀಚರ್ ಹೇಳಿದಂತೆಯೇ ಇದೆ. ವಿದ್ಯಾನಗರದಲ್ಲಿ ಟ್ಯೂಷನ್, ಅಲ್ಲಿ ಕೇಶ್ವಾಪುರದ ಹುಡುಗಿ ಇವನ ಬೆಂಚಿನಲ್ಲೇ ಕೂರುತ್ತಾಳೆ. ಭಾನುವಾರ ಧಾರವಾಡದಲ್ಲಿ ತಬಲಾ ಕ್ಲಾಸ್. ಮಹಡಿಯ ಮೇಲೆ ಸಣ್ಣ ಕೋಣೆ, ಅಕ್ಕಪಕ್ಕದವರಿಗೆ ಸದ್ದು ಹೋಗಬಾರದು ಅಂತ ಕಿಟಕಿ ಮುಚ್ಚಿರುತ್ತಾರೆ, ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಸಪ್ತಾಪುರದ ಹುಡುಗನೂ ಅಲ್ಲೇ ಕಲಿಯುವವನು. ಗುಳ್ಳೆ ಎದ್ದದ್ದು ಸೋಮವಾರ ಸಂಜೆ, ಭಾನುವಾರ ಕ್ಲಾಸಿಗೆ ಹೋಗಿದ್ದ.

ಪಕ್ಕದ ಮನೆಗಳಿಗೂ ಹೋಗಿದ್ದೆ. ಒಂದು ಮನೆಯ ಅಣ್ಣ ತಮ್ಮ ಇಬ್ಬರಿಗೂ ಹಿಂದೆಯೇ ಆಗಿತ್ತಂತೆ. ಇನ್ನೊಂದು ಮನೆಯ ಮಗಳಿಗೆ ದುಡ್ಡು ಕೊಟ್ಟು ಲಸಿಕೆ ಹಾಕಿಸಿದ್ದಾರೆ.

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ನೋಡಿ, ಅಲ್ಲಿಗೆ ಪೂರ್ತಿ ಬಿಡಿಸಿದಂತಾಯ್ತು. ಹತ್ತಿರ ಇದ್ದವರ ಮೈಯಲ್ಲಿ ರಕ್ಷಣೆ ಇತ್ತು. ದೂರದವರಿಗೆ ರಕ್ಷಣೆ ಇರಲಿಲ್ಲ, ಒಡನಾಟ ಇತ್ತು. ಈ ಹುಡುಗ ಎರಡು ಬೇರೆ ಬೇರೆ ಗುಂಪುಗಳ ನಡುವಿನ ಸೇತುವೆ. ಟ್ಯೂಷನ್ ಮಕ್ಕಳಿಗೂ ತಬಲಾ ಮಕ್ಕಳಿಗೂ ಇವನೊಬ್ಬನೇ ಕೊಂಡಿ ಇರಬಹುದು. ಅವನ ಗೆಳೆಯರು ಎಷ್ಟು ಅನ್ನೋದಕ್ಕಿಂತ, ಎಷ್ಟು ಬೇರೆ ಬೇರೆ ಗುಂಪಿನಲ್ಲಿ ಕಾಲಿಟ್ಟಿದ್ದಾನೆ ಅನ್ನೋದು ಮುಖ್ಯ. 1998ರಲ್ಲಿ ವಾಟ್ಸ್ ಮತ್ತು ಸ್ಟ್ರೊಗಾಟ್ಜ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ: ಎಲ್ಲರೂ ಅಕ್ಕಪಕ್ಕದವರ ಜೊತೆ ಮಾತ್ರ ಇರುವ ಜಾಲದಲ್ಲಿ ಅಲ್ಲೊಂದು ಇಲ್ಲೊಂದು ದೂರದ ಕೊಂಡಿ ಸೇರಿಸಿದರೂ ಸಾಕು, ರೋಗ ಬಹಳ ಬೇಗ ಎಲ್ಲ ಕಡೆ ಮುಟ್ಟುತ್ತೆ.

ಬಿವಿಬಿ ಹಳೇ ಹುಡುಗ
ಇದಕ್ಕೆ ಸೇರಿದ ಒಂದು ಚಂದದ ಲೆಕ್ಕ ಇದೆ. ನಿಮ್ಮ ಗೆಳೆಯರಿಗೆ ಸರಾಸರಿಯಲ್ಲಿ ನಿಮಗಿಂತ ಜಾಸ್ತಿ ಗೆಳೆಯರಿರುತ್ತಾರೆ. 1991ರಲ್ಲಿ ಸ್ಕಾಟ್ ಫೆಲ್ಡ್ ಅನ್ನುವ ಸಮಾಜಶಾಸ್ತ್ರಜ್ಞ ಬರೆದದ್ದು. ಕಾರಣ ಸರಳ. ಬಹಳ ಜನರ ಒಡನಾಟ ಇರುವವರ ಹೆಸರು ಬಹಳ ಜನರ ಬಾಯಲ್ಲಿ ಬರುತ್ತೆ. ನಿಮ್ಮ ಓಣಿಯಲ್ಲಿ ಯಾರನ್ನೋ ಹಿಡಿದು ನಿಮಗೆ ಗೊತ್ತಿರುವ ಒಬ್ಬರ ಹೆಸರು ಹೇಳಿ ಅನ್ನಿ. ಮೂಲೆ ಮನೆಯ ಸುಮ್ಮನಿರುವ ಮನುಷ್ಯನ ಹೆಸರು ಬರೋದು ಅಪರೂಪ. ಕಟಿಂಗ್ ಅಂಗಡಿಯವನ ಹೆಸರು ಮತ್ತೆ ಮತ್ತೆ ಬರುತ್ತೆ.

ಇದನ್ನೇ ಹಿಡಿದು ಕೋಹೆನ್, ಹಾವ್ಲಿನ್ ಮತ್ತು ಅವರ ಜೊತೆಯವರು 2003ರಲ್ಲಿ ಒಂದು ದಾರಿ ಹೇಳಿದರು. ಲಸಿಕೆ ಕಡಿಮೆ ಇದೆ, ಜಾಲದ ನಕ್ಷೆ ಇಲ್ಲ ಅಂತಿಟ್ಟುಕೊಳ್ಳಿ. ಸಿಕ್ಕವರಿಗೆ ಚುಚ್ಚುವ ಬದಲು, ಸಿಕ್ಕವರಿಗೆ ಒಬ್ಬ ಪರಿಚಯದವರ ಹೆಸರು ಕೇಳಿ, ಅವರಿಗೆ ಚುಚ್ಚಿ. ಅಷ್ಟೇ ಡೋಸ್‌ನಲ್ಲಿ ಹೆಚ್ಚು ತಡೆ. 2009ರ ಎಚ್1ಎನ್1 ಜ್ವರದಲ್ಲಿ ಹಾರ್ವರ್ಡ್‌ನಲ್ಲಿ ಕ್ರಿಸ್ಟಾಕಿಸ್ ಮತ್ತು ಫೌಲರ್ 744 ವಿದ್ಯಾರ್ಥಿಗಳ ಮೇಲೆ ಕಣ್ಣಿಟ್ಟರು. ಗೆಳೆಯರು ಅಂತ ಹೆಸರು ಬಂದವರಿಗೆ ಜ್ವರ, ಸುಮ್ನೆ ಆರಿಸಿದವರಿಗಿಂತ ಸುಮಾರು ಎರಡು ವಾರ ಮುಂಚೆ ಬಂತು. ಅಂದ್ರೆ ಅವರನ್ನು ನೋಡುತ್ತಿದ್ದರೆ ಮುನ್ಸೂಚನೆಯೂ ಸಿಗುತ್ತೆ.

ಬ್ಯಾಡಗಿ ಖಾರ
ಹಾರ್ವರ್ಡ್ ಲೆಕ್ಕ ನಮ್ಮ ಹಳ್ಳಿಗೆ ಹೇಗೆ ಹೊಂದುತ್ತೆ? ಇಲ್ಲಿ ಎಲ್ಲರೂ ಎಲ್ಲರಿಗೂ ಬೀಗರು. ಗೆಳೆಯನ ಹೆಸರು ಹೇಳು ಅಂದ್ರೆ ಊರ ಗೌಡರ ಹೆಸರು ಹೇಳ್ತಾರೆ, ಮರ್ಯಾದೆಗೆ.

ಬಿವಿಬಿ ಹಳೇ ಹುಡುಗ
ಅದಕ್ಕೇ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಯವರು ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಊರಿಗೆಲ್ಲ ಒಂದು ಸುದ್ದಿ ಮುಟ್ಟಿಸಬೇಕು ಅಂದ್ರೆ ಯಾರಿಗೆ ಹೇಳಬೇಕು ಅಂತ ಜನರನ್ನೇ ಕೇಳಿದರು. ಜನ ಸರಿಯಾಗಿಯೇ ಹೆಸರು ಹೇಳಿದರು. ಅವರಿಗೆ ಹೇಳಿದ ಸುದ್ದಿ, ಹಿರಿಯರು ಮುಖಂಡರು ಅನ್ನಿಸಿಕೊಂಡವರಿಗೆ ಹೇಳಿದ ಸುದ್ದಿಗಿಂತ ಹೆಚ್ಚು ಹಬ್ಬಿತು. ಆಮೇಲೆ ಹರಿಯಾಣದಲ್ಲಿ ಮಕ್ಕಳ ಲಸಿಕೆಗೆ ಇದನ್ನೇ ಮಾಡಿದಾಗ, ಸುಮ್ನೆ ಯಾರಿಗೋ ಹೇಳಿದ್ದಕ್ಕಿಂತ ಸುಮಾರು 22% ಜಾಸ್ತಿ ಮಕ್ಕಳು ಬಂದರು. ಕೇಳುವ ಪ್ರಶ್ನೆ ಸರಿ ಇದ್ದರೆ ಗೌಡರ ಹೆಸರು ಬರೋದಿಲ್ಲ.

ಬ್ಯಾಡಗಿ ಖಾರ
ಇದು ಒಪ್ಪುವ ಮಾತು. ನಮ್ಮೂರಲ್ಲಿ ಕೇಳಿದರೆ ಬಳೆಗಾರತಿಯ ಹೆಸರು ಬರುತ್ತೆ.

ಆಶಾ ಕಾರ್ಯಕರ್ತೆ ಶಿರಹಟ್ಟಿ ಕಡೆ
ಈ ಲೆಕ್ಕಗಳೆಲ್ಲ ನನಗೆ ಗೊತ್ತಿಲ್ಲ. ಆದರೆ ಕೆಲಸ ಮಾಡಿ ಗೊತ್ತಿದೆ. ನಮ್ಮ ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕ ಒಬ್ಬಳಿದ್ದಾಳೆ. ಜೋಳ ಬೀಸಲು ಎಲ್ಲ ಕೇರಿಯ ಹೆಣ್ಣುಮಕ್ಕಳೂ ಬರುತ್ತಾರೆ, ಸರದಿ ಬರುವತನಕ ಕಟ್ಟೆಯ ಮೇಲೆ ಕೂರುತ್ತಾರೆ. ದಡಾರ ರುಬೆಲ್ಲಾ ಎರಡನೇ ಡೋಸ್ ಬಾಕಿ ಇದ್ದ ಮಕ್ಕಳ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೆ. "ಮೊದಲನೇದು ಆಗೇತಲ್ಲ, ಇನ್ನೊಮ್ಮೆ ಯಾಕ್ರೀ?" ಅಂತ ಕಳಿಸುತ್ತಿದ್ದರು. ಗಿರಣಿ ಅಕ್ಕನ ಮೊಮ್ಮಗಳಿಗೆ ಹಾಕಿಸಿದೆ. ಮಗು ಸ್ವಲ್ಪ ಜ್ವರ ಬಂದು ಮರುದಿನ ಆಡಿಕೊಂಡಿತ್ತು. ಆಕೆ ಅದನ್ನು ಗಿರಣಿಗೆ ಬಂದವರಿಗೆಲ್ಲ ಹೇಳಿದಳು. ಮುಂದಿನ ಲಸಿಕೆ ದಿನ ಅಂಗನವಾಡಿಯ ಮುಂದೆ ಚಪ್ಪಲಿ ಇಡಲು ಜಾಗ ಇರಲಿಲ್ಲ.

ಟಿಬಿ ಕೆಲಸದಲ್ಲಿ ಇದರ ಕಷ್ಟದ ಮುಖ ಇದೆ. ಒಬ್ಬರಿಗೆ ಟಿಬಿ ಅಂತ ಗೊತ್ತಾದರೆ ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಬೇಕು, ರೋಗ ಇಲ್ಲದವರಿಗೆ ಮುಂದೆ ಬರದಂತೆ ಮಾತ್ರೆ ಕೊಡಬೇಕು. ಆದರೆ ಜನ ಯಾರ ಜೊತೆ ಇದ್ದೆವು ಅಂತ ಹೇಳೋದಿಲ್ಲ. ಮಗಳ ಸಂಬಂಧ ತಪ್ಪುತ್ತೆ ಅನ್ನುವ ಭಯ. ನಾನು ಯಾರ ಮನೆಗೆ ಹೋಗುತ್ತೇನೆ ಅಂತ ಓಣಿ ನೋಡುತ್ತಿರುತ್ತೆ. ಅದಕ್ಕೇ ಮೊದಲು ಎದುರಿನ ಮನೆಗೆ, ಆಮೇಲೆ ಪಕ್ಕದ ಮನೆಗೆ, ಕೊನೆಗೆ ಆ ಮನೆಗೆ ಹೋಗುತ್ತೇನೆ. ಅಡತಿ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸಲ ಅವಮಾನ ಮಾಡಿದರೆ ಆ ಮನೆಯವರು ಮತ್ತೆ ಬಾಯಿ ಬಿಡೋದಿಲ್ಲ, ಮುಂದಿನ ರೋಗ ಗುಟ್ಟಾಗಿ ಬೆಳೆಯುತ್ತೆ.

ಅಡತಿ ಅಂಗಡಿ
ಅಕ್ಕಾ, ನಿಮಗೆ ಕೈ ಮುಗಿದೆ.

ಗೋಕುಲ ರೋಡ್ ಅಮ್ಮ
ಎದುರಿನ ಮನೆಗೆ ಮೊದಲು ಹೋಗೋದು! ಇದನ್ನು ಯಾರೂ ಕಲಿಸೋದಿಲ್ಲ.

ರೈಲ್ವೆ ವರ್ಕ್‌ಶಾಪ್ ನಿವೃತ್ತ
ಸಿಡುಬು ಹೋದದ್ದೂ ಹೀಗೇ. ಮೊದಲು ಎಲ್ಲರಿಗೂ ಲಸಿಕೆ ಹಾಕಿದರೆ ಹೋಗುತ್ತೆ ಅಂತಿದ್ದರು. 1966ರಲ್ಲಿ ನೈಜೀರಿಯಾದಲ್ಲಿ ಲಸಿಕೆ ಸಾಕಾಗಲಿಲ್ಲ. ವಿಲಿಯಂ ಫೋಗಿ ಅನ್ನುವ ವೈದ್ಯರು ರೋಗ ಬಂದವರನ್ನು ಹುಡುಕಿ ಅವರ ಸುತ್ತಲಿನವರಿಗೆ ಹಾಕಿಸಿದರು. ನಮ್ಮ ದೇಶದಲ್ಲೂ 1970ರ ದಶಕದಲ್ಲಿ ಮನೆ ಮನೆಗೆ ಹೋಗಿ, ಸಂತೆಯಲ್ಲಿ ರೋಗಿಯ ಚಿತ್ರ ತೋರಿಸಿ ಹುಡುಕಿದರು. 1975ರಲ್ಲಿ ಕೊನೆಯ ಪ್ರಕರಣ. ಸಂತೆಗೆ ಹತ್ತೂರಿನವರು ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಚಿಗರಿ ಪ್ರಯಾಣಿಕ
ಹಾಗಾದ್ರೆ ಈಗ ಟ್ಯೂಷನ್ ಮಕ್ಕಳಿಗೆ ಲಸಿಕೆ ಹಾಕಿಸಿ ಏನು ಪ್ರಯೋಜನ? ಜೊತೆಗೆ ಕೂತದ್ದು ಆಗಿಹೋಗಿದೆ.

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ಪ್ರಯೋಜನ ಇದೆ. ಸಂಪರ್ಕ ಆದ 3 ದಿನದೊಳಗೆ, ತಡ ಅಂದ್ರೆ 5 ದಿನದೊಳಗೆ ಹಾಕಿಸಿದರೆ ರೋಗ ತಪ್ಪಬಹುದು, ಇಲ್ಲವೇ ಹಗುರಾಗಿ ಹೋಗಬಹುದು. ಸರ್ಕಾರದ ಉಚಿತ ಪಟ್ಟಿಯಲ್ಲಿ ಈ ಲಸಿಕೆ ಇಲ್ಲ, ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಎಲ್ಲರಿಗೂ ಆಗೋದಿಲ್ಲ, ಅದು ಬೇಸರದ ಸಂಗತಿ. ಕೇಶ್ವಾಪುರದ ಹುಡುಗಿಯ ಪಕ್ಕ ಈ 5 ದಿನದೊಳಗೆ ಕೂತವರಿಗೆ ಇನ್ನೂ ಸಮಯ ಇದೆ.

ಹಳೇಹುಬ್ಬಳ್ಳಿ ಮನೆ
ಎಲ್ಲರಿಗೂ ಬಹಳ ಉಪಕಾರ. ತಂಗಿಗೆ ಚಿಕ್ಕಂದಿನಲ್ಲಿ ಆಗಿತ್ತು ಅಂತ ಅವ್ವ ಹೇಳುತ್ತಾಳೆ. ಆದರೂ ನಾಳೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದೇವೆ. ಟ್ಯೂಷನ್ ಸರ್‌ಗೂ ತಬಲಾ ಗುರುಗಳಿಗೂ ಹುಡುಗನ ತಾಯಿಯೇ ಫೋನ್ ಮಾಡಿದರು. ಯಾರ ಹೆಸರೂ ಹೇಳದೆ ಎಲ್ಲ ಪಾಲಕರಿಗೆ ಮೆಸೇಜ್ ಹೋಗಿದೆ. ಗುರುಗಳು ಎರಡು ವಾರ ಮಕ್ಕಳನ್ನು ಗುಂಪಾಗಿ ಕೂರಿಸದೆ ಅಂಗಳದಲ್ಲಿ ಒಬ್ಬೊಬ್ಬರಿಗೆ ಪಾಠ ಮಾಡುತ್ತಾರಂತೆ. ಓಣಿಗೆ ಪತ್ರಿಕೆ ಹಂಚಲು ನಾನೇ ಹೋಗುತ್ತಿದ್ದೇನೆ. ದೊಡ್ಡಪ್ಪ ಇನ್ನೂ ಸಿಟ್ಟಿನಲ್ಲಿದ್ದಾರೆ, ಆಶಾ ಅಕ್ಕ ಬರೆದದ್ದನ್ನು ಅವರಿಗೆ ಓದಿ ಹೇಳಿದೆ, ಪೂರ್ತಿ ಕೇಳಿದರು.

ಒಂದು ಪ್ರಶ್ನೆ ಉಳಿದಿದೆ. ಕೇಶ್ವಾಪುರದ ಹುಡುಗಿ ನಮ್ಮ ಬೀಗರ ಕಡೆಯವಳೇ, ಮದುವೆಗೆ ಬರಬೇಕು ಅಂತ ಆಸೆ ಪಡುತ್ತಿದ್ದಾಳೆ. ಬರಬಹುದಾ?

ಕಮ್ಯುನಿಟಿ ಮೆಡಿಸಿನ್ ವಿದ್ಯಾರ್ಥಿ
ಧಾರಾಳವಾಗಿ ಬರಲಿ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಅವಳಿಂದ ಹರಡೋದಿಲ್ಲ. ನೀವು ವಿಚಾರಿಸಬೇಕಾದದ್ದು ಅವಳ ಜೊತೆ ಮನೆಯಲ್ಲಿರುವ, ಇದುವರೆಗೆ ಚಿಕನ್‌ಪಾಕ್ಸ್ ಆಗದ, ಲಸಿಕೆಯೂ ಇಲ್ಲದ ಮಕ್ಕಳನ್ನು. ಸಂಪರ್ಕ ಆಗಿ 10ರಿಂದ 21 ದಿನದ ನಡುವೆ ಅವರಿಗೆ ಬರಬಹುದು. ಮದುವೆ ತಾರೀಖು ಆ ದಿನಗಳಲ್ಲಿ, ಇಲ್ಲವೇ ಅದಕ್ಕೆ ಒಂದೆರಡು ದಿನ ಮೊದಲು ಬಿದ್ದರೆ ಅವರು ಮನೆಯಲ್ಲಿರಲಿ. ತಾರೀಖು ಯಾವುದು?

ಹಳೇಹುಬ್ಬಳ್ಳಿ ಮನೆ
ಅವಳಿಗೆ ಒಬ್ಬ ತಮ್ಮ ಇದ್ದಾನೆ, ಯುಕೆಜಿ. ಲಸಿಕೆ ಆಗಿದೆಯಾ ಅಂತ ಈಗಲೇ ಕೇಳಿ ತಾರೀಖಿನ ಜೊತೆ ಹೇಳುತ್ತೇನೆ.